ತೋಟದಿಂದ ತದಡಿಗೆ

ರಜೆಯ ದಿನಗಳಲ್ಲಿ ಉತ್ತರ ಕನ್ನಡ ಜಿಲ್ಲೆಗೆ ಬರುವ ಪ್ರವಾಸಿಗಳಲ್ಲಿ ಬಹುಮಂದಿ, ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ರಾತ್ರಿಯೆಲ್ಲ ಪ್ರಯಾಣಮಾಡಿ, ಬೆಳಗಾಗುವ ಹೊತ್ತಿಗೆ ನೇರವಾಗಿ ಗೋಕರ್ಣದ ಕಡಲಂಚನ್ನು ಸೇರಿ, ಅಲ್ಲಿಯ ಮರಳಿನ ಮೇಲೆ ಎರಡು ಹಗಲುಗಳನ್ನು ಕಳೆದು, ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾರೆ. ಸಮುದ್ರದರ್ಶನದಿಂದ ದೊರೆಯುವ ಆಹ್ಲಾದವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಸಮುದ್ರವೊಂದನ್ನೇ ನೋಡುವುದಾದರೆ ಇಷ್ಟು ದೂರ ಬರಬೇಕಾದ ಅಗತ್ಯವೂ ಇಲ್ಲ. ಈ ಸೀಮೆಯ ವೈಶಿಷ್ಟ್ಯವಿರುವುದು ಘಟ್ಟದ ಮೇಲಿನ ಅಡಿಕೆತೋಟಕ್ಕೂ ಘಟ್ಟದ ಕೆಳಗಿನ ಕಡಲೂರಿಗೂ ಶತಮಾನಗಳಿಂದ ನಡೆದುಬಂದ ಕೊಡುಕೊಳ್ಳುವಿಕೆಯಲ್ಲಿ. ಮೆಣಸು, ಅಡಿಕೆ, ಏಲಕ್ಕಿಗಳು ಕೆಳಗಿಳಿದವು. ಉಪ್ಪು, ಒಣಮೀನು, ತೆಂಗಿನಕಾಯಿಗಳು ಮೇಲೇರಿದವು. ಆ ಸರಕು ಇಳಿದ ದಿಕ್ಕಿನಲ್ಲಿಯೇ, ಅಂದರೆ ಶಿರಸಿಯ ತೋಟವೊಂದರಲ್ಲಿ ಬೆಳಗನ್ನು ಆರಂಭಿಸಿ, ಅಘನಾಶಿನೀ ನದಿಯ ಮುಖದಲ್ಲಿರುವ ಹಳ್ಳಿಗಳಲ್ಲಿ ಸಂಜೆಯನ್ನು ಮುಗಿಸುವಂತೆ ಒಂದು ದಿನವನ್ನು ಹೊಂದಿಸಿಕೊಂಡರೆ, ತೋಟವೂ ಕಡಲೂ ಒಂದನ್ನೊಂದು ಅರ್ಥಮಾಡಿಸುತ್ತವೆ. ಅಂಥ ಒಂದು ದಿನದ ಏರ್ಪಾಡನ್ನು ಇಲ್ಲಿ ವಿವರಿಸುತ್ತೇನೆ.

ಅಘನಾಶಿನಿಯ ಮೂಲಗಳಲ್ಲೊಂದು ಶಿರಸಿ ಪಟ್ಟಣದ ಶಂಕರಹೊಂಡ. ಅಲ್ಲಿಂದ ಹೊರಟ ನೀರು ಸುಮಾರು 120 ಕಿ.ಮೀ. ಹರಿದು, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ಯಾವ ಅಣೆಕಟ್ಟಿಗೂ ತಡೆದು ನಿಲ್ಲದೆ, ಕುಮಟೆ ತಾಲ್ಲೂಕಿನಲ್ಲಿ ಸಮುದ್ರವನ್ನು ಸೇರುತ್ತದೆ. ರಸ್ತೆಯಾದರೋ ನದಿಯ ಜೊತೆಯಲ್ಲಿಯೇ ಸಾಗುವುದಿಲ್ಲ. ಶಿರಸಿಯಿಂದ ದೇವಿಮನೆ ಘಟ್ಟವನ್ನು ಇಳಿದು, ಕತಗಾಲವನ್ನು ಹಾಯ್ದು, ಸುಮಾರು 60 ಕಿ.ಮೀ. ಕ್ರಮಿಸಿ ಕುಮಟೆಯನ್ನು ಮುಟ್ಟುತ್ತದೆ. ಕುಮಟೆಯಿಂದ ಬಾಡ, ಕಾಗಾಲಗಳ ಮಾರ್ಗವಾಗಿ ನದೀಮುಖದ ದಕ್ಷಿಣ ದಡದಲ್ಲಿರುವ ಅಘನಾಶಿನಿ ಗ್ರಾಮಕ್ಕೆ ಹತ್ತು–ಹನ್ನೆರಡು ಕಿ.ಮೀ. ಎದುರು ದಡದಲ್ಲಿರುವುದೇ ತದಡಿ ಬಂದರು. ಅಲ್ಲಿಂದ ಗೋಕರ್ಣ ಸಮೀಪ. ಇಷ್ಟೇ ದಾರಿ. ಇದೇ ದಿನದಲ್ಲಿ ಉಂಚಳ್ಳಿಯ ಜಲಪಾತವನ್ನೂ ಯಾಣದ ಕಪ್ಪುಬಂಡೆಗಳನ್ನೂ ಸೇರಿಸಿಕೊಳ್ಳಬೇಕೆಂಬ ಆಸೆ, ನಕ್ಷೆಯನ್ನು ಬಿಚ್ಚಿದ ಯಾರಿಗಾದರೂ ಹುಟ್ಟತಕ್ಕದ್ದೇ. ಆ ಆಸೆಗೆ ಎಡೆಗೊಟ್ಟವರು ವಾಹನದ ಕಿಟಕಿಯನ್ನು ಬಿಟ್ಟು ಬೇರೇನನ್ನೂ ನೋಡಿರುವುದಿಲ್ಲ. ಅವೆರಡಕ್ಕೂ ಪ್ರತ್ಯೇಕವಾಗಿ ಮತ್ತೊಂದು ದಿನವನ್ನು ಮೀಸಲಿಡುವುದು ಲೇಸು.

ಕಾಲನಿರ್ಣಯದ ವಿಷಯದಲ್ಲಿ ಕೊಂಚ ಎಚ್ಚರಿಕೆ ಬೇಕು. ತೋಟದಲ್ಲಿ ಅಡಿಕೆಯ ಕೊನೆಕೊಯ್ಲು ನವೆಂಬರಿನಲ್ಲಿ ಮೊದಲಾಗಿ ಫೆಬ್ರವರಿಯವರೆಗೆ ನಡೆಯುತ್ತದೆ. ಮೆಣಸಿನ ಕೊಯ್ಲು ಅದರ ಬೆನ್ನಿಗೇ ಬರುತ್ತದೆ. ಕರಾವಳಿಯ ಉಪ್ಪಿನಾಗರಗಳು ಬೇಸಿಗೆಯ ಬಿಸಿಲನ್ನೇ ನಂಬಿ ಮಳೆ ಬೀಳುವ ತನಕ ಕೆಲಸಮಾಡುತ್ತವೆ. ಕುಮಟೆಯ ಸಿಹಿ ಈರುಳ್ಳಿ ಮಾರ್ಚಿಯ ಹೊತ್ತಿಗೆ ಹೆದ್ದಾರಿಯ ಬದಿಗೆ ಬರುತ್ತದೆ. ಅಂಕೋಲೆಯ ಕರಿಇಷಾಡ ಮಾವು ಮೇ ತಿಂಗಳಿಗೆ ಮುನ್ನ ಹಣ್ಣಾಗುವುದು ಅಪರೂಪ. ಎಲ್ಲವನ್ನೂ ಒಂದೇ ದಿನದಲ್ಲಿ ಕಾಣುವುದು ಸಾಧ್ಯವಿಲ್ಲವಾದರೂ, ಫೆಬ್ರವರಿಯ ಕೊನೆಯಿಂದ ಮಾರ್ಚಿಯ ಮಧ್ಯದವರೆಗಿನ ಅವಧಿಯಲ್ಲಿ ಒಣಗುತ್ತಿರುವ ಅಡಿಕೆ, ಬಿಸಿಲಿಗೆ ಹರವಿದ ಮೆಣಸು, ಹೊಸ ಉಪ್ಪು, ಮೊದಲ ಈರುಳ್ಳಿ ಇವು ನಾಲ್ಕೂ ಕಣ್ಣಿಗೆ ಬೀಳುತ್ತವೆ. ಆದರೆ ಇದೇ ಅವಧಿಯಲ್ಲಿ ಶಿವರಾತ್ರಿ ಬರುವುದುಂಟು; ಆಗ ಗೋಕರ್ಣದಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯೂ ಸರಿಸುಮಾರು ಇದೇ ಕಾಲದ್ದು. ಜಾತ್ರೆಯನ್ನೇ ನೋಡಬೇಕೆಂದು ಬರುವವರ ಮಾತು ಬೇರೆ. ತೋಟ ನೋಡಲು ಬರುವವರು ಆ ವಾರವನ್ನು ಬಿಟ್ಟುಬಿಡಬೇಕು, ಇಲ್ಲವೆ ವಸತಿಯನ್ನು ಬಹಳ ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು.

ಮಳೆಗಾಲದ ಸೊಬಗಿಗೆ ಮನಸೋತವರು ಆಗಲೇ ಬರಲೆಂದು ಹಟಮಾಡಿದರೆ, ಘಟ್ಟದಲ್ಲಿ ಗುಡ್ಡ ಕುಸಿಯುವುದು, ತೋಟದಲ್ಲಿ ಉಂಬಳ, ನದೀಮುಖದಲ್ಲಿ ದೋಣಿ ನಿಲ್ಲುವುದು, ಆಗರಗಳು ನೀರಿನಲ್ಲಿ ಮುಳುಗಿರುವುದು ಇವೆಲ್ಲಕ್ಕೂ ಸಿದ್ಧರಾಗಿ ಬರಬೇಕು. ದೇವಿಮನೆ ಘಟ್ಟದ ಹೆದ್ದಾರಿಯನ್ನು ಅಗಲಗೊಳಿಸುವ ಕಾಮಗಾರಿಯಿಂದ ಇತ್ತೀಚಿನ ವರ್ಷಗಳಲ್ಲಿ ಸಂಚಾರ ಆಗಾಗ ನಿಂತದ್ದುಂಟಾದುದರಿಂದ, ಯಾವ ಋತುವಿನಲ್ಲಿಯೇ ಆಗಲಿ ಹಿಂದಿನ ದಿನ ಶಿರಸಿಯ ಬಸ್‌ನಿಲ್ದಾಣದಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ತಿಂಗಳಿಗಿಂತ ಹೆಚ್ಚಾಗಿ ಪ್ರವಾಸಿಗಳು ಮರೆಯುವುದು ತಿಥಿಯನ್ನು. ಅಳಿವೆಯ ಊರುಗಳಲ್ಲಿ ಗಡಿಯಾರಕ್ಕಿಂತ ಭರತ–ಇಳಿತಗಳದೇ ಆಡಳಿತ: ಬಳಚೆಂಬ ಚಿಪ್ಪುಮೀನನ್ನು ಆಯುವುದು, ಬಲೆ ಕಟ್ಟುವುದು, ಗಜನಿಯೆಂಬ ಏರಿಗದ್ದೆಯ ತೂಬನ್ನು ತೆರೆಯುವುದು, ಆಗರಕ್ಕೆ ನೀರು ಬಿಡುವುದು, ಎಲ್ಲವೂ ಅದಕ್ಕೆ ಬದ್ಧ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಅತ್ಯಧಿಕ; ಅಷ್ಟಮಿಯ ಸುಮಾರಿಗೆ ಅತ್ಯಲ್ಪ; ದಿನದಿಂದ ದಿನಕ್ಕೆ ಭರತದ ವೇಳೆ ಸುಮಾರು 50 ನಿಮಿಷ ತಡವಾಗುತ್ತದೆ. ಈ ತೀರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಭರತ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುನ್ನವೂ ಇಳಿತ ಸಂಜೆಯ ಹೊತ್ತಿಗೂ ಆಗುವುದರಿಂದ, ಪಂಚಾಂಗವನ್ನು ನೋಡಿ ತ್ರಯೋದಶಿ ಅಥವಾ ಚತುರ್ದಶಿಯ ದಿನವನ್ನು ಆರಿಸಿಕೊಂಡವರು ಮೂರೂವರೆ–ನಾಲ್ಕು ಗಂಟೆಗೆ ನದೀಮುಖವನ್ನು ತಲುಪಿದರೆ ನೀರು ಸರಿದು ಕೆಸರುಬಯಲು ಮೇಲೆದ್ದಿರುವುದನ್ನು ಕಾಣಬಹುದು. ನಿಖರವಾದ ವೇಳೆ ಬೇಕೆಂದವರಿಗೆ ಮುದ್ರಿತ ಭರತಪಟ್ಟಿಯುಂಟು. ಅದಕ್ಕಿಂತ ಸುಲಭವಾದುದು ತದಡಿಯ ಯಾವ ಮೀನುಗಾರನನ್ನಾದರೂ ಕೇಳುವುದು.

ಇನ್ನು ತೋಟದ ಮಾತು. ಶಿರಸಿ, ಸಿದ್ದಾಪುರ ಸೀಮೆಯ ಅಡಿಕೆತೋಟಗಳು ಪಟ್ಟಣದ ಉದ್ಯಾನಗಳಂತೆ ದ್ವಾರ, ಫಲಕ, ಪ್ರವೇಶಶುಲ್ಕಗಳುಳ್ಳವಲ್ಲ. ಅವು ಜನರ ಮನೆಯ ಹಿತ್ತಿಲುಗಳು. ಆದುದರಿಂದ ರಸ್ತೆಯ ಪಕ್ಕದಲ್ಲಿ ವಾಹನವನ್ನು ನಿಲ್ಲಿಸಿ ದಣಪೆಯನ್ನು ದಾಟಿ ಒಳಹೊಗುವುದು ಅಸಭ್ಯವೆನಿಸುತ್ತದೆ. ಅತಿಥಿಗಳನ್ನು ಇಳಿಸಿಕೊಳ್ಳುವ ತೋಟದ ಮನೆಗಳು ಈಗ ಅನೇಕವಿದ್ದು, ಅಂಥ ಮನೆಯೊಂದರಲ್ಲಿ ಹಿಂದಿನ ರಾತ್ರಿಯೇ ಬಂದು ತಂಗುವುದು ಸರ್ವಥಾ ಯುಕ್ತ. ಮನೆಯವರು ಮೊದಲು ಕೇಳುವುದು ಆಸರಿಗೆ, ಅಂದರೆ ಕುಡಿಯಲು, ಏನು ಬೇಕೆಂದು. ಏನೂ ಬೇಡವೆಂದು ಹೇಳುವುದನ್ನು ಸೌಜನ್ಯವೆಂದು ಪಟ್ಟಣಿಗರು ಭಾವಿಸುತ್ತಾರೆ, ಇಲ್ಲಿ ಹಾಗಲ್ಲ. ಮುರುಗಲು ಹಣ್ಣಿನ ಪಾನಕವಾಗಲಿ, ಬರಿಯ ಮಜ್ಜಿಗೆಯಾಗಲಿ, ಕೊಟ್ಟದ್ದನ್ನು ಕುಡಿದು ಆಮೇಲೆ ಮಾತಿಗೆ ತೊಡಗಬೇಕು.

ಬೆಳಿಗ್ಗೆ ಆರೂವರೆಗೆ, ಮಂಜಿನ ಹನಿ ಸೋಗೆಯಿಂದ ಇನ್ನೂ ತೊಟ್ಟಿಕ್ಕುತ್ತಿರುವಾಗ, ತೋಟಕ್ಕೆ ಇಳಿಯತಕ್ಕದ್ದು. ಇಳಿಯುವುದೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಏಕೆಂದರೆ ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ, ನೀರು ತಾನಾಗಿ ಜಿನುಗುವ ಕಣಿವೆಯಲ್ಲಿ ತೋಟವಿರುತ್ತದೆ, ಮನೆ ಅದರ ಮೇಲಣ ದಿಬ್ಬದ ಮೇಲಿರುತ್ತದೆ. ಅಡಿಕೆಯ ಮರಗಳು ಎಲ್ಲಕ್ಕಿಂತ ಮೇಲೆ ನಿಂತು ನೆರಳನ್ನು ಹಂಚುತ್ತವೆ. ಅವುಗಳ ಕಾಂಡವನ್ನು ತಬ್ಬಿ ಮೆಣಸಿನ ಬಳ್ಳಿ ಏರುತ್ತದೆ. ಮಧ್ಯದ ಅಂತರವನ್ನು ಬಾಳೆ ತುಂಬುತ್ತದೆ. ಎಲ್ಲಕ್ಕೂ ಕೆಳಗೆ ಏಲಕ್ಕಿಯ ಬುಡಗಳು. ಸಾಲುಸಾಲುಗಳ ನಡುವೆ ಹೆಚ್ಚಿನ ನೀರನ್ನು ಹೊರಗೊಯ್ಯುವ ಬಸಿಗಾಲುವೆ, ಅದರ ಮೇಲೆ ಅಡಿಕೆದಬ್ಬೆಯ ಸಂಕ. ಒಂದೇ ನೆಲದಲ್ಲಿ ನಾಲ್ಕು ಅಂತಸ್ತುಗಳ ಬೆಳೆಯನ್ನು ಎಬ್ಬಿಸಿದ ಈ ಕೌಶಲ ಇಂದಿನದಲ್ಲ. 1801ರಲ್ಲಿ ಕರಾವಳಿಯಿಂದ ಘಟ್ಟವನ್ನೇರಿ ಸೋದೆ, ಶಿರಸಿಗಳ ಕಡೆಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ತೋಟಗಳ ಕೃಷಿಕ್ರಮವನ್ನು ತನ್ನ ಪ್ರವಾಸಕಥನದಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ನಮ್ಮದು ಅವನ ಯಾತ್ರೆಗೆ ವಿಪರೀತ ದಿಕ್ಕಿನದು.

ತೋಟವನ್ನು ತೋರಿಸುವವರನ್ನು ಕೇಳತಕ್ಕ ಮೊದಲನೆಯ ಪ್ರಶ್ನೆ ಮರಗಳ ಸಂಖ್ಯೆಯದಲ್ಲ, ಸೊಪ್ಪಿನ ಬೆಟ್ಟದ್ದು. ತೋಟದ ಬೆನ್ನಿಗೆ ಕಾಣುವ ಕಾಡು ಬರಿಯ ಕಾಡಲ್ಲ; ತೋಟಕ್ಕೆ ಹಸಿಸೊಪ್ಪನ್ನೂ ದರಕನ್ನೂ ಒದಗಿಸುವುದಕ್ಕಾಗಿ ಬ್ರಿಟಿಷರ ಕಾಲದಲ್ಲಿ ತೋಟಿಗರಿಗೆ ವಹಿಸಲ್ಪಟ್ಟ ಬೆಟ್ಟ ಅದು; ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಗಳವರೆಗೆ ಬೆಟ್ಟವುಂಟು. ಸೊಪ್ಪು ಮೊದಲು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಬೀಳುತ್ತದೆ, ಸಗಣಿಯೊಡನೆ ಕೂಡಿ ಗೊಬ್ಬರವಾಗುತ್ತದೆ, ಆಮೇಲೆ ಅಡಿಕೆಯ ಬುಡವನ್ನು ಸೇರುತ್ತದೆ. ಬೆಟ್ಟವನ್ನು ಬೋಳಿಸಿದವನ ತೋಟ ಮುಂದಿನ ತಲೆಮಾರಿಗೆ ಸೊರಗುತ್ತದೆ. ಹಾಗಾಗಿ ತೋಟಿಗನ ಜಾಣ್ಮೆಯನ್ನು ಅಳೆಯಬೇಕಾದರೆ ಅವನ ಬೆಟ್ಟವನ್ನು ನೋಡಬೇಕು.

ಎರಡನೆಯ ಪ್ರಶ್ನೆ ಕೊಳೆರೋಗದ್ದು. ಮುಂಗಾರಿನ ಸತತ ಮಳೆಯಲ್ಲಿ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಳೆಯ ಕಾಯಿಗಳನ್ನು ಹಿಡಿದು ಕೊನೆಗೆ ಕೊನೆಯನ್ನೇ ಉದುರಿಸಿಬಿಡುತ್ತದೆ. ಪೂರ್ವದಲ್ಲಿ ಇದಕ್ಕೆ ಕೊಟ್ಟೆ ಕಟ್ಟುತ್ತಿದ್ದರು. ಅಂದರೆ ಪ್ರತಿಯೊಂದು ಕೊನೆಗೂ ಮಳೆ ತಾಗದಂತೆ ಒಂದು ಹೊದಿಕೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಈ ರೋಗವನ್ನು ಕುರಿತು ಸಂಶೋಧನೆಮಾಡಿ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಶತಮಾನ ಕಳೆದರೂ ಮಳೆಗಾಲದ ಮೊದಲ ಬಿಡುವಿನಲ್ಲಿ ತೋಟಿಗರು ಹುಡುಕುವುದು ಇದೇ ಔಷಧಿಯನ್ನೂ, ಅದನ್ನು ಹೊಡೆಯಬಲ್ಲ ಕೊನೆಗೌಡನನ್ನೂ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಕೊನೆಗೌಡನು ದುರ್ಲಭ. ಒಂದು ಮರದ ತುದಿಯಿಂದ ಕೆಳಗಿಳಿಯದೆ ಮತ್ತೊಂದು ಮರಕ್ಕೆ ತೂಗಿ ದಾಟುವ ಆ ವಿದ್ಯೆಯನ್ನು ಕಲಿಯುವ ತರುಣರು ಕಡಿಮೆಯಾಗಿ, ಉದ್ದನೆಯ ದೋಟಿಗಳೂ ಮರವೇರುವ ಯಂತ್ರಗಳೂ ಅವನ ಸ್ಥಾನಕ್ಕೆ ಬರುತ್ತಿವೆ. ಕೊಯ್ಲಿನ ದಿನಗಳಲ್ಲಿ ಬಂದವರಿಗೆ ಕೊನೆಗೌಡನ ಕೆಲಸವನ್ನು ನೋಡುವ ಯೋಗವಿದ್ದರೆ, ಬೇರೆ ಯಾವ ಕಾರ್ಯಕ್ರಮವನ್ನಾದರೂ ಬಿಟ್ಟು ಅರ್ಧ ತಾಸು ಅಲ್ಲಿಯೇ ನಿಲ್ಲಬೇಕು. ಆದರೆ ಹಗ್ಗದಿಂದ ಇಳಿಯುವ ಕೊನೆಯ ನೇರಕ್ಕೆ ಮಾತ್ರ ನಿಲ್ಲಬಾರದು.

ಅಂಗಳದಲ್ಲಿ ನೋಡುವುದು ಇನ್ನೂ ಇದೆ. ಎಳೆಯ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದರೆ ಕೆಂಪಡಿಕೆ; ಹಣ್ಣಾದುದನ್ನು ಸಿಪ್ಪೆಸಹಿತ ನಲವತ್ತು ದಿನಗಳಿಗೆ ಮೇಲ್ಪಟ್ಟು ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಹಿಂದೆ ರಾತ್ರಿಯ ದೀಪದ ಸುತ್ತ ಮೆಟ್ಟುಗತ್ತಿಯ ಮುಂದೆ ಕುಳಿತು ಹತ್ತಾರು ಮಂದಿ ಕತೆ ಹೇಳುತ್ತ ಸುಲಿಯುತ್ತಿದ್ದರು. ಈಗ ಬಹುಪಾಲು ಮನೆಗಳಲ್ಲಿ ಯಂತ್ರ ಸುಲಿಯುತ್ತದೆ, ಕತೆಗಳು ದೂರದರ್ಶನದಲ್ಲಿ ನಡೆಯುತ್ತವೆ. ಶಿರಸಿಯ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಒಣಹಾಕಿದ ಅಡಿಕೆಯ ಮೇಲೆ ಪಾದರಕ್ಷೆಯಿಟ್ಟು ನಡೆಯಬಾರದೆಂಬುದನ್ನು ಹೇಳಬೇಕಾಗಿ ಬಂದಿರುವುದು ವಿಷಾದಕರ. ಆದರೆ ಫೋಟೋ ತೆಗೆಯುವ ಉತ್ಸಾಹದಲ್ಲಿ ಜನ ನಡೆಯುತ್ತಾರೆ. ಮೆಣಸನ್ನು ಕೊಳ್ಳುವುದಾದರೆ ಮನೆಯವರಿಂದಲೇ ಕೊಳ್ಳಬಹುದು. ಕಾಳು ತೂಕವಾಗಿದೆಯೆ, ಕೈಯಲ್ಲಿ ಉಜ್ಜಿದರೆ ಘಾಟು ಬರುತ್ತದೆಯೆ ಎಂದು ನೋಡಿ, ಹೇಳಿದ ದರವನ್ನು ಕೊಟ್ಟುಬಿಡಬೇಕು. ಈ ಜಿಲ್ಲೆಯದೇ ತಳಿಯಾದ ಮಲ್ಲಿಗೆಸರದ ಮೆಣಸು ಸಿಕ್ಕಿದರೆ ಬಿಡಬಾರದು. ಮನೆಯಲ್ಲಿ ಮಾರಾಟಕ್ಕಿಲ್ಲದಿದ್ದರೆ, 1923ರಲ್ಲಿ ಸ್ಥಾಪಿತವಾದ ತೋಟಗಾರ್ಸ್ ಸೇಲ್ ಸೊಸೈಟಿಯ ಮಳಿಗೆ ಶಿರಸಿಯಲ್ಲಿದೆ. ತೊಡದೇವು, ಅಪ್ಪೆಮಿಡಿಯ ಉಪ್ಪಿನಕಾಯಿಗಳನ್ನೂ ಪಟ್ಟಣದ ಅಂಗಡಿಗಳಲ್ಲಿ ಕೊಳ್ಳಬಹುದು.

ತಿಂಡಿಯನ್ನು ಮುಗಿಸಿ ಒಂಬತ್ತೂವರೆಗೆ ಹೊರಟರೆ ಅವಸರವಿಲ್ಲದೆ ಘಟ್ಟವನ್ನು ಇಳಿಯಬಹುದು. ಇಳಿದಂತೆ ಗಾಳಿ ಭಾರವಾಗುತ್ತದೆ, ಸೆಕೆ ಏರುತ್ತದೆ, ಕತಗಾಲ ದಾಟುತ್ತಲೆ ತೆಂಗು ಹೆಚ್ಚುತ್ತದೆ. ತಿರುವುಗಳಲ್ಲಿ ತಲೆ ತಿರುಗುವವರು ಮುಂದಿನ ಆಸನದಲ್ಲಿ ಕೂರುವುದು ಮೇಲು. ಈ ದಾರಿಯಲ್ಲಿ ಒಂದು ಕಾಲಕ್ಕೆ ಸಾಲುಸಾಲಾಗಿ ಇಳಿದದ್ದು ಧಾರವಾಡ ಸೀಮೆಯ ಹತ್ತಿಯ ಗಾಡಿಗಳು. ಕುಮಟೆಯ ಬಂದರಿನಿಂದ ಹಡಗೇರಿದ್ದರಿಂದ ಆ ಹತ್ತಿಗೆ ಹತ್ತೊಂಬತ್ತನೆಯ ಶತಮಾನದ ಪೇಟೆಗಳಲ್ಲಿ ಕುಮಟೆಯ ಹತ್ತಿಯೆಂದೇ ಹೆಸರಾಯಿತು. ಕುಮಟೆಯಲ್ಲಿ ಮಾತ್ರ ಹತ್ತಿಯ ಒಂದು ಗಿಡವೂ ಬೆಳೆದಿರಲಿಲ್ಲ. 1880ರ ದಶಕದ ಕೊನೆಗೆ ಮರ್ಮಗೋವೆಯ ಬಂದರಿಗೆ ರೈಲುದಾರಿ ತೆರೆದುಕೊಂಡಾಗ ಗಾಡಿಗಳು ನಿಂತುವು, ಬಂದರು ಬಡವಾಯಿತು. ಇಂದು ಕುಮಟೆಯಲ್ಲಿ ಪ್ರವಾಸಿಗೆ ಮುಖ್ಯವಾದದ್ದು ಮಧ್ಯಾಹ್ನದ ಊಟ. ಮತ್ಸ್ಯಾಹಾರಿಗಳು ಬಂಗಡೆ, ತಾರ್ಲೆ, ಇಸವಾಣಗಳಲ್ಲಿ ಆ ದಿನ ಯಾವುದು ಹೊಸತೆಂದು ಕೇಳಿ ಅದನ್ನೇ ಹಾಕಿಸಿಕೊಳ್ಳಲಿ. ಶಾಕಾಹಾರಿಗಳಿಗೂ ಉಪವಾಸವಿಲ್ಲ.

ಊಟವಾದ ಮೇಲೆ ಹೆದ್ದಾರಿಯ ಬದಿಯಲ್ಲಿ ಅಳ್ವೆಕೋಡಿ, ಹಂದಿಗೋಣಗಳ ಆಸುಪಾಸಿನಲ್ಲಿ ಸಾಲಾಗಿ ತೂಗುಹಾಕಿದ ಈರುಳ್ಳಿಯ ಗೊಂಚಲುಗಳನ್ನು ನೋಡಬೇಕು. ಭತ್ತ ಕೊಯ್ದ ಗದ್ದೆಯ ಮರಳುಮಿಶ್ರಿತ ಮಣ್ಣಿನಲ್ಲಿ ಬೆಳೆದ ಈ ಗಡ್ಡೆ ಕಣ್ಣೀರು ತರಿಸದು. ಹಸಿಯಾಗಿ ಕಚ್ಚಿ ತಿನ್ನುವಷ್ಟು ಸಿಹಿ. ಎಲೆಯನ್ನು ಕತ್ತರಿಸದೆ ಒಣಗಿಸಿ ಜಡೆಹೆಣೆದು ಕಟ್ಟುವುದರಿಂದಲೇ ಅದು ಕೆಲವು ತಿಂಗಳು ಕೆಡದೆ ನಿಲ್ಲುತ್ತದೆ. ಆದುದರಿಂದ ಬಿಡಿಗಡ್ಡೆಯನ್ನು ಕೊಳ್ಳದೆ ಗೊಂಚಲನ್ನೇ ಕೊಳ್ಳಬೇಕು.

ಇಲ್ಲಿ ವಾಹನದ ಏರ್ಪಾಡಿನ ಒಂದು ಸೂಕ್ಷ್ಮವಿದೆ. ಅಘನಾಶಿನಿ ಗ್ರಾಮದಿಂದ ತದಡಿಗೆ ಹೋಗುವ ದೋಣಿಯಲ್ಲಿ ಜನರೂ ದ್ವಿಚಕ್ರವಾಹನಗಳೂ ದಾಟಬಹುದು, ಕಾರು ದಾಟದು. ಹಾಗಾಗಿ ಕಾರಿನಲ್ಲಿ ಬಂದವರು ದಡದಲ್ಲಿ ಇಳಿದು, ಚಾಲಕನನ್ನು ಹಿಂದಕ್ಕೆ ಕಳುಹಿಸಿ, ಕುಮಟೆ, ಮಿರ್ಜಾನ, ಮಾದನಗೇರಿಗಳ ಸುತ್ತುದಾರಿಯಿಂದ ತದಡಿಗೆ ಬರಹೇಳಬೇಕು. ಅದು ಸುಮಾರು ನಲವತ್ತು ಕಿ.ಮೀ.ಗಳ ಸುತ್ತು; ಒಂದು ಗಂಟೆಗೆ ಮೇಲೆ ಹಿಡಿಯುತ್ತದೆ. ಅಷ್ಟು ಹೊತ್ತು ನಿಮಗೆ ಕೈಯಲ್ಲಿ ವಾಹನವಿಲ್ಲದಿರುವುದೇ ಒಂದು ಭಾಗ್ಯ, ಏಕೆಂದರೆ ಹಳ್ಳಿಯನ್ನು ನಡೆದು ನೋಡುವುದನ್ನು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ದಿನದ ಕೊನೆಯ ದೋಣಿ ಯಾವ ವೇಳೆಗೆ ಎಂಬುದನ್ನು ಮಾತ್ರ ದಡಕ್ಕೆ ಬಂದೊಡನೆ ಕೇಳಿಟ್ಟುಕೊಳ್ಳಬೇಕು.

ನೀರು ಇಳಿದಾಗ ಅಳಿವೆಯ ಸ್ವರೂಪವೇ ಬೇರೆ. ಸೊಂಟದವರೆಗಿನ ನೀರಿನಲ್ಲಿ ಬಗ್ಗಿ, ಕಾಲಿನಿಂದಲೂ ಕೈಯಿಂದಲೂ ತಡವಿ, ಬಳಚನ್ನು ಆಯುವ ಹೆಂಗಸರು, ಗಂಡಸರು ಅಲ್ಲಲ್ಲಿ ಕಾಣುತ್ತಾರೆ. ಆಯ್ದದ್ದನ್ನು ತುಂಬಿಕೊಳ್ಳಲು ಪಕ್ಕದಲ್ಲೊಂದು ಚಿಕ್ಕ ದೋಣಿ ತೇಲುತ್ತಿರುತ್ತದೆ. ಕಾಂಡ್ಲಗಿಡಗಳ ಬೇರುಗಳು ಬಯಲಾಗುತ್ತವೆ, ಕೊಕ್ಕರೆಗಳು ಕೆಸರಿಗೆ ಇಳಿಯುತ್ತವೆ. ಅಣೆಕಟ್ಟಿಲ್ಲದ ನದಿಯ ಸಿಹಿನೀರೂ ಹೂಳೂ ಋತುವಿಗೆ ತಕ್ಕಂತೆ ಇಲ್ಲಿಗೆ ತಲುಪುತ್ತಿರುವುದೇ ಈ ಸಮೃದ್ಧಿಗೆ ಆಧಾರ. 4801 ಹೆಕ್ಟೇರುಗಳ ಈ ಅಳಿವೆಯ ಹೆಸರು 2024ರಲ್ಲಿ ಪ್ರಕಟವಾದ ರಾಮ್‌ಸಾರ್ ಜೌಗುಪ್ರದೇಶಗಳ ಪಟ್ಟಿಯಲ್ಲಿ ಸೇರಿದೆ. ದೂರದಿಂದ ಗಟ್ಟಿನೆಲದಂತೆ ತೋರುವ ಕೆಸರು ಕಾಲಿಟ್ಟರೆ ಮೊಳಕಾಲಿನವರೆಗೆ ನುಂಗುತ್ತದೆ. ಊರವರ ಸಂಗಡವಿಲ್ಲದೆ ಇಳಿಯತಕ್ಕದ್ದಲ್ಲ.

ದಡದ ಒಳಭಾಗದಲ್ಲಿ ಏರಿಗಳಿಂದ ಸುತ್ತುವರಿದ ವಿಶಾಲವಾದ ನೀರುಬಯಲುಗಳೇ ಗಜನಿಗಳು. ಮಳೆಗಾಲದಲ್ಲಿ ನದಿಯ ಹೊಸನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗವೆಂಬ ಭತ್ತವನ್ನು ಎರಚುತ್ತಾರೆ. ಆಳೆತ್ತರಕ್ಕೆ ಬೆಳೆಯುವ ಆ ಪೈರು ಕೆಲವು ದಿನ ಮುಳುಗಿದರೂ ಕೊಳೆಯದು, ಉಪ್ಪು ಸೋಂಕಿದರೂ ಸಾಯದು; ಅದಕ್ಕೆ ಗೊಬ್ಬರವನ್ನಾಗಲಿ ಔಷಧಿಯನ್ನಾಗಲಿ ಹಾಕುವ ವಾಡಿಕೆಯಿಲ್ಲ. ಕೊಯ್ಲಾದ ಮೇಲೆ ತೂಬನ್ನು ತೆರೆದು ಭರತದ ನೀರನ್ನು ಒಳಬಿಟ್ಟರೆ ಅದೇ ಗದ್ದೆ ಮೀನು, ಸಿಗಡಿಗಳ ಕೆರೆಯಾಗುತ್ತದೆ. ಏರಿಯ ದುರಸ್ತಿ ಒಬ್ಬನಿಂದ ಆಗತಕ್ಕ ಕೆಲಸವಲ್ಲವಾದುದರಿಂದ ಕಗ್ಗದ ಬೇಸಾಯ ಉಳಿದಿರುವುದು ಊರು ಒಗ್ಗಟ್ಟಾಗಿರುವಲ್ಲಿ ಮಾತ್ರ. ಮಾಣಿಕಟ್ಟೆಯ ಹೆಸರನ್ನು ಈ ಸಂಬಂಧದಲ್ಲಿ ಹೇಳುತ್ತಾರೆ. ಮಾರ್ಚಿಯಲ್ಲಿ ಬಂದವರಿಗೆ ಪೈರು ಕಾಣದು, ನೀರು ಕಾಣುತ್ತದೆ. ಕೆಂಪಗಿನ ಕಗ್ಗದಕ್ಕಿ ಸಿಕ್ಕಿದರೆ ಗಂಜಿಗೆ ಕೊಂಡುಕೊಳ್ಳಿ.

ತದಡಿಯಲ್ಲಿ ಇಳಿದಾಗ ಮೀನಿನ ದೋಣಿಗಳು, ಬಲೆ ಹೆಣೆಯುವವರು, ಒಣಮೀನಿನ ವಾಸನೆ. ವಾಸನೆಯನ್ನು ತಾಳಲಾರದವರು ಬೇಗ ಹೊರಟು ಉಪ್ಪಿನಾಗರಗಳ ಊರಾದ ಸಾಣಿಕಟ್ಟೆಗೆ ಹೋಗಲಿ. ದಿನದ ಎರಡನೆಯ ದೊಡ್ಡ ನೋಟವಿರುವುದು ಅಲ್ಲಿ. ಭರತದ ನೀರನ್ನು ಮೊದಲು ದೊಡ್ಡ ಕೊಳದಲ್ಲಿ ಹಿಡಿದು, ಅಲ್ಲಿಂದ ಒಂದಾದ ಮೇಲೊಂದು ತೆಳುವಾದ ಮಡಿಗಳಿಗೆ ಹಾಯಿಸಿ, ಬಿಸಿಲಿಗೂ ಗಾಳಿಗೂ ಒಪ್ಪಿಸುತ್ತಾರೆ. ಸಮುದ್ರದ ನೀರಿನಲ್ಲಿ ಲವಣಾಂಶ ನೂರಕ್ಕೆ ಸುಮಾರು ಮೂರೂವರೆ ಪಾಲು ಮಾತ್ರ. ಆ ನೀರು ಬತ್ತಿ ಹತ್ತರಲ್ಲಿ ಒಂದು ಪಾಲಿನಷ್ಟಾದಾಗ ಅಡುಗೆಯ ಉಪ್ಪು ಹರಳುಗಟ್ಟತೊಡಗುತ್ತದೆ. ಅದಕ್ಕೆ ಮುಂಚೆಯೇ ಸುಣ್ಣದ ಅಂಶಗಳು ಹಿಂದಿನ ಮಡಿಗಳಲ್ಲಿ ತಂಗಿರುತ್ತವೆ. ಹರಳುಗಟ್ಟಿದ ತರುವಾಯ ಉಳಿಯುವ ಕಹಿನೀರನ್ನು ಹೊರಕ್ಕೆ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಉಪ್ಪು ಕಹಿಯಾಗಿ ಬೆವರುತ್ತದೆ. ಯಾವ ಮಡಿಯ ನೀರನ್ನು ಯಾವಾಗ ಮುಂದಕ್ಕೆ ಬಿಡಬೇಕೆಂಬ ನಿರ್ಣಯವೇ ಈ ಕಸುಬಿನ ಮರ್ಮ. ಅನುಭವಸ್ಥರು ನೀರಿನ ಬಣ್ಣವನ್ನು ನೋಡಿ, ಬೆರಳಿನಿಂದ ಮುಟ್ಟಿ ಹೇಳಬಲ್ಲರು. ಉದ್ದನೆಯ ಹಿಡಿಯ ಮರದ ಹಲಗೆಯಿಂದ ಹರಳನ್ನು ಮೆಲ್ಲಗೆ ಎಳೆದು ಮಡಿಯ ಅಂಚಿಗೆ ಗುಡ್ಡೆಹಾಕುತ್ತಾರೆ. ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ರಾಶಿಗೆ ಸೇರಿಸುತ್ತಾರೆ. ಬಿಸಿಲಿಲ್ಲದೆ ಉಪ್ಪಿಲ್ಲವಾದುದರಿಂದ ನೆರಳಿಗೆ ಸರಿಯುವ ಅವಕಾಶ ಈ ಕೆಲಸದಲ್ಲಿಲ್ಲ. ಕಾಲಿನ ಚರ್ಮ ಸೀಳುವುದು, ಕಣ್ಣು ಉರಿಯುವುದು ಇವರ ದಿನನಿತ್ಯದ ಪಾಡು. ಸುಂದರವಾದ ಚಿತ್ರವನ್ನು ತೆಗೆಯಬಂದವರು ಇದನ್ನು ನೆನಪಿನಲ್ಲಿಟ್ಟು, ಕೇಳಿ, ಒಪ್ಪಿಗೆ ಪಡೆದು ತೆಗೆಯಬೇಕು. ಮಡಿಗಳ ನಡುವಣ ಬದುಗಳು ಹಸಿಮಣ್ಣಿನವು. ಅಂಚು ಕುಸಿದರೆ ಒಂದು ಮಡಿಯ ಶ್ರಮವೆಲ್ಲ ಕೆಸರಿನ ಪಾಲು. ರಸ್ತೆಯ ಬದಿಯಿಂದಲೇ ಬಹುಮಟ್ಟಿಗೆ ಎಲ್ಲವೂ ಕಾಣುತ್ತದೆ.

1930ರ ಉಪ್ಪಿನ ಸತ್ಯಾಗ್ರಹಕ್ಕೆ ಕರ್ನಾಟಕದಲ್ಲಿ ಕೇಂದ್ರವಾದ ಅಂಕೋಲೆ ಇಲ್ಲಿಂದ ಉತ್ತರಕ್ಕೆ ಗಂಗಾವಳಿಯಾಚೆಗಿದೆ. ಈ ಆಗರಗಳ ಮುಂದೆ ನಿಂತವರಿಗೆ ಉಪ್ಪಿನ ಮೇಲಿನ ಕರ ಈ ಕಡಲೂರುಗಳ ಜನಕ್ಕೆ ಹೇಗೆ ತಟ್ಟಿರಬೇಕೆಂಬುದು ಸುಲಭವಾಗಿ ಮನವರಿಕೆಯಾಗುತ್ತದೆ.

ಬೆಳಕಿನ್ನೂ ಇದ್ದರೆ ಗೋಕರ್ಣದ ಉತ್ತರಕ್ಕಿರುವ ಬಂಕಿಕೊಡ್ಲ, ಹನೇಹಳ್ಳಿಗಳತ್ತ ಒಂದು ಸುತ್ತು ಹಾಕಬಹುದು. ಹನೇಹಳ್ಳಿ ಯಶವಂತ ಚಿತ್ತಾಲರ ಹುಟ್ಟೂರು. ಮುಂಬಯಿಯಲ್ಲಿ ಬಾಳಿದ ಆ ಲೇಖಕರ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಊರು. ಅವರನ್ನು ಓದಿದವರಿಗೆ ಇಲ್ಲಿಯ ಓಣಿ, ಬೇಲಿ, ತೆಂಗಿನ ಹಿತ್ತಿಲುಗಳೇ ದರ್ಶನೀಯ. ಓದದವರಿಗೆ ತೋರಿಸಲು ಇಲ್ಲಿ ವಿಶೇಷವೇನೂ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಬೇಕು. ತರಕಾರಿಯ ಹಿತ್ತಿಲುಗಳಲ್ಲಿ ಆಸಕ್ತಿಯುಳ್ಳವರು ಮಾತ್ರ ಮರಳುನೆಲದಲ್ಲಿ ಹರಿವೆ, ಬಸಳೆ, ಮೊಗೆಕಾಯಿ, ಅಲಸಂದೆಗಳನ್ನು ಬೆಳೆಯುವ ಹಾಲಕ್ಕಿ ಒಕ್ಕಲಿಗರ ಕೈಚಳಕವನ್ನು ನೋಡಿಯೇ ತೀರಬೇಕು. ಕೊರಳ ತುಂಬ ಮಣಿಸರಗಳನ್ನು ಧರಿಸಿದ ಹಾಲಕ್ಕಿ ಹೆಂಗಸರು ಅದೇ ತರಕಾರಿಯನ್ನು ಗೋಕರ್ಣದ ಪೇಟೆಬೀದಿಯಲ್ಲಿ ಹರವಿಕೊಂಡು ಕುಳಿತಿರುತ್ತಾರೆ. ಸರಗಳ ಚಿತ್ರವನ್ನು ತೆಗೆಯುವುದಕ್ಕಿಂತ ಮೊದಲು ಒಂದು ಕಟ್ಟು ಹರಿವೆಯನ್ನಾದರೂ ಕೊಳ್ಳುವುದು ಮರ್ಯಾದೆ.

ಗೋಕರ್ಣವನ್ನು ಕುರಿತು ಬರೆದವರು ಸಾಕಷ್ಟು ಮಂದಿ ಇರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಮಹಾಬಲೇಶ್ವರನ ದರ್ಶನಕ್ಕೆ ಸಾಂಪ್ರದಾಯಿಕ ಉಡುಪು ಬೇಕೆಂಬುದನ್ನೂ, ಅಲೆಗಳ ಒಳಸೆಳೆತದಿಂದ ಇಲ್ಲಿಯ ಕಡಲಿನಲ್ಲಿ ಈಜುಬಲ್ಲವರೂ ಪ್ರಾಣ ಕಳೆದುಕೊಂಡಿದ್ದಾರೆಂಬುದನ್ನೂ ಜ್ಞಾಪಿಸಿದರೆ ಸಾಕು. ಕತ್ತಲಾದ ಮೇಲೆ ನೀರಿಗೆ ಇಳಿಯಬಾರದು.

ಊರಿಗೆ ಮರಳುವ ಮಾರ್ಗದಲ್ಲಿ ಮರುದಿನ ಬೆಳಿಗ್ಗೆ ಮಿರ್ಜಾನದ ಕೋಟೆಗೆ ಒಂದು ಗಂಟೆಯನ್ನು ಕೊಡಬಹುದು. ಹೆದ್ದಾರಿಯಿಂದ ಅರ್ಧ ಕಿ.ಮೀ. ದೂರದಲ್ಲಿರುವ, ಕೆಂಪುಕಲ್ಲಿನಿಂದ ಕಟ್ಟಿದ ಈ ಕೋಟೆಯನ್ನು ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಜನ ನೆನೆಯುತ್ತಾರೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೆಣಸು ನದಿಯ ದಾರಿಯಿಂದ ಇಳಿದು ಇಲ್ಲಿಯೇ ಹಡಗನ್ನು ಸೇರುತ್ತಿತ್ತು. ಹಿಂದಿನ ದಿನ ತೋಟದ ಅಂಗಳದಲ್ಲಿ ಕೈಯಲ್ಲಿ ಉಜ್ಜಿ ನೋಡಿದ ಕಾಳಿಗೆ ಇಷ್ಟು ದಪ್ಪದ ಗೋಡೆ, ಇಷ್ಟು ಆಳದ ಕಂದಕ ಏಕೆ ಬೇಕಾಯಿತೆಂದು ಇಲ್ಲಿ ಯಾರೂ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಗೋಡೆಗಳೆಲ್ಲ ಪಾಚಿಗಟ್ಟಿ ಹಸುರಾಗುತ್ತವೆ, ಜಾರುತ್ತವೆ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಒಳಗೆ ಎಲ್ಲಿಯೂ ನೆರಳಿಲ್ಲ.

ಗೋಕರ್ಣ ರೋಡ್ ನಿಲ್ದಾಣದಿಂದಲೂ ಕುಮಟೆಯಿಂದಲೂ ಕೊಂಕಣ ರೈಲ್ವೆಯ ಗಾಡಿಗಳು ಸಿಗುತ್ತವೆ. ಬೆಂಗಳೂರಿನವರಿಗೆ ಕಾರವಾರದಿಂದ ಸಂಜೆ ಹೊರಟು ರಾತ್ರಿಯೆಲ್ಲ ಸಾಗುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ, ಆದರೆ ರಜಾದಿನಗಳಲ್ಲಿ ಅದರ ಆಸನಗಳು ವಾರಗಟ್ಟಲೆ ಮುಂಚೆ ತುಂಬಿಹೋಗುತ್ತವೆ. ಗಾಡಿಯಲ್ಲಿ ಈರುಳ್ಳಿಯ ಗೊಂಚಲನ್ನು ಆಸನದ ಕೆಳಗೆ ತುರುಕದೆ ಕಿಟಕಿಯ ಪಕ್ಕದ ಕೊಕ್ಕೆಗೆ ತೂಗುಹಾಕಬೇಕು. ಸಹಪ್ರಯಾಣಿಕರು ಬೆಲೆಯನ್ನು ಕೇಳಿಯೇ ಕೇಳುತ್ತಾರೆ. ಮನೆಯಲ್ಲಿ ಅದನ್ನು ಗಾಳಿಯಾಡುವ, ತೇವವಿಲ್ಲದ ಕಡೆ ತೂಗಬಿಟ್ಟು, ಕೆಳಗಿನ ಗಡ್ಡೆಯಿಂದ ಒಂದೊಂದನ್ನೇ ಕತ್ತರಿಸಿ ಬಳಸಿದರೆ ಮಳೆ ಹಿಡಿಯುವವರೆಗೂ ಬರುತ್ತದೆ. ಸಾಣಿಕಟ್ಟೆಯ ಕಲ್ಲುಪ್ಪನ್ನು ಮಾತ್ರ ಲೋಹದ ಡಬ್ಬಿಯಲ್ಲಿಡದೆ ಪಿಂಗಾಣಿ ಭರಣಿಯಲ್ಲಿಯೇ ಇಡತಕ್ಕದ್ದು.